ಕಾರ್ಡ್‌ಲೆಸ್ ಇಂಟರ್‌ಕಾಮ್: ಡೆಕ್ಟ್ ಹಾಕೋದಾ, ವೈಫೈ ಫೋನಾ, ಮೊಬೈಲೇ ಸಾಕಾ?

ಸಕಲೇಶಪುರ, ಮೂಡಿಗೆರೆ, ಆಲ್ದೂರು ಕಡೆಯಿಂದ ಪದೇ ಪದೇ ಬರುವ ಪ್ರಶ್ನೆ ಇದು. ಹೋಮ್‌ಸ್ಟೇ ಇದೆ, ಆರೇಳು ಕಾಟೇಜ್. ಅಡುಗೆಮನೆ ಒಂದು ಕಡೆ, ಆಫೀಸು ಇನ್ನೊಂದು ಕಡೆ, ರೈಟರ್ (ತೋಟದ ಗುಮಾಸ್ತ) ಕಾಫಿ ಕಣದ ಹತ್ತಿರ. ಮೊಬೈಲ್ ಸಿಗ್ನಲ್ ಗೇಟಿನ ಹತ್ತಿರ ಮಾತ್ರ ಸಿಗುತ್ತದೆ. ಕೈಯಲ್ಲಿ ಹಿಡಿದು ಓಡಾಡುವಂಥ ಫೋನ್ ಬೇಕು. ಅಂಗಡಿಯವರೊಬ್ಬರು ಡೆಕ್ಟ್ (ತನ್ನದೇ ರೇಡಿಯೊದಲ್ಲಿ ನಡೆಯುವ ಕಾರ್ಡ್‌ಲೆಸ್ ಫೋನ್) ಅಂತಾರೆ, ಇನ್ನೊಬ್ಬರು ವೈಫೈ ಫೋನ್ ಅಂತಾರೆ, ಬೆಂಗಳೂರಲ್ಲಿರುವ ಮಗ "ಅದೆಲ್ಲ ಯಾಕಪ್ಪಾ, ಮೊಬೈಲಿಗೇ ಒಂದು ಆಪ್ ಹಾಕಿದ್ರೆ ಆಯ್ತು" ಅಂತಾನೆ. ಮೂವರೂ ಹೇಳುತ್ತಿರುವುದು ನಿಜವೇ. ಆದರೆ ಯಾರಿಗೆ ಯಾವುದು ಅನ್ನೋದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹಾಸನದ ನರ್ಸಿಂಗ್ ಹೋಮ್, ಚಿಕ್ಕಮಗಳೂರು ಪೇಟೆಯ ಲಾಡ್ಜ್‌ನವರದ್ದೂ ಹೆಚ್ಚುಕಮ್ಮಿ ಇದೇ ಗೊಂದಲ.

ಮೊದಲು ಇದನ್ನು ಕೇಳಿಕೊಳ್ಳಿ

ಜುಲೈ ತಿಂಗಳು. ಮರ ಬಿದ್ದು ಫೈಬರ್ ಕಟ್ ಆಗಿದೆ, ಕರೆಂಟೂ ಇಲ್ಲ, ಲೈನ್‌ಮನ್ ಬರೋದು ನಾಳೆ. ಆ ಹೊತ್ತಿಗೆ ನಿಮ್ಮಲ್ಲಿ ಯಾವ ಫೋನ್ ರಿಂಗ್ ಆಗಲೇಬೇಕು? ಬೇರೆಲ್ಲ ಪ್ರಶ್ನೆ ಇದರ ಹಿಂದೆ. ಹೊರಗಿನ ಕರೆ ಬರದಿದ್ದರೂ ಪರವಾಗಿಲ್ಲ, ಕಾಟೇಜಿನಿಂದ ಆಫೀಸಿಗೆ ಕರೆ ಹೋಗಲೇಬೇಕು ಅನ್ನುವವರು ಇಂಟರ್ನೆಟ್ ಇಲ್ಲದೆ ನಡೆಯುವ ವ್ಯವಸ್ಥೆಯನ್ನೇ ಹಾಕಿಕೊಳ್ಳಬೇಕು. ಅಂದರೆ ಕರೆ ಕೂಡಿಸುವ ಪಿಬಿಎಕ್ಸ್ ಬಾಕ್ಸ್ ನಿಮ್ಮ ಕಟ್ಟಡದೊಳಗೇ ಇರಬೇಕು, ಅದಕ್ಕೆ ಯುಪಿಎಸ್ ಇರಬೇಕು. ಬುಕಿಂಗ್ ಕರೆಯೇ ಮುಖ್ಯ ಅನ್ನುವವರ ಲೆಕ್ಕ ಬೇರೆ.

ಎರಡನೆಯದು, ನಿಮ್ಮವರು ಮಾತಾಡುತ್ತಾ ನಡೆಯುತ್ತಾರಾ, ಅಥವಾ ಒಂದು ಜಾಗದಲ್ಲಿ ನಿಂತು ಮಾತಾಡಿ ಇಡುತ್ತಾರಾ? ನರ್ಸ್ ನಡೆಯುತ್ತಾರೆ. ರಿಸೆಪ್ಷನಿಸ್ಟ್ ನಡೆಯುವುದಿಲ್ಲ. ಕರೆ ನಡೆಯುತ್ತಿರುವಾಗಲೇ ಒಂದು ಬೇಸ್‌ನಿಂದ (ಹ್ಯಾಂಡ್‌ಸೆಟ್‌ಗೆ ಸಿಗ್ನಲ್ ಕೊಡುವ ಪೆಟ್ಟಿಗೆ) ಇನ್ನೊಂದಕ್ಕೆ ಜಾರಬೇಕು ಅಂದಾಗ ಖರ್ಚು, ತಲೆನೋವು ಎರಡೂ ಏರುತ್ತವೆ. ಮೂರನೆಯದು, ಕೆಟ್ಟಾಗ ಸರಿ ಮಾಡುವವರು ಯಾರು. ನಾಲ್ಕನೆಯದು, ಅದೇ ವೈರಿನಲ್ಲಿ ಬೇರೆ ಏನೇನು ಹರಿಯುತ್ತದೆ: ಗೆಸ್ಟ್ ವೈಫೈ, ಸಿಸಿಟಿವಿ, ಟೀವಿ. ದುಡ್ಡನ್ನು ನಾನು ಕೊನೆಗೆ ಇಡುತ್ತೇನೆ. ಯಾಕೆಂದರೆ ಕೊಟೇಶನ್ನಿನಲ್ಲಿ ಹ್ಯಾಂಡ್‌ಸೆಟ್ ರೇಟೇ ಎದ್ದು ಕಂಡರೂ ನಿಜವಾದ ಖರ್ಚು ಕೇಬಲ್, ಸ್ವಿಚ್, ಯುಪಿಎಸ್‌ಗೆ ಹೋಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹಳೆಯ ಇಪಿಎಬಿಎಕ್ಸ್ (ವೈರ್ ಫೋನ್‌ಗಳ ಪಿಬಿಎಕ್ಸ್) ಚೆನ್ನಾಗಿ ನಡೆಯುತ್ತಿದ್ದು, ರೂಮುಗಳಲ್ಲಿ ವೈರ್ ಫೋನ್ ಇದ್ದು, ಓಡಾಡುವವರು ಇಬ್ಬರೋ ಮೂವರೋ ಆಗಿದ್ದರೆ, ಒಂದು ಎಕ್ಸ್‌ಟೆನ್ಶನ್ ಪೋರ್ಟಿಗೆ ಸಾಧಾರಣ ಕಾರ್ಡ್‌ಲೆಸ್ ಬೇಸ್ ಚುಚ್ಚಿ ಮುಗಿಸಿ. ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನದ ನಂಬರ್) ಇಲ್ಲ, ಸೆಟ್ಟಿಂಗ್ ಇಲ್ಲ, ಏನೂ ಇಲ್ಲ. ಪೇಟೆಯ ಎಷ್ಟೋ ಲಾಡ್ಜ್‌ಗಳಿಗೆ ಇಷ್ಟೇ ಸಾಕು, ಸುಮ್ನೆ ಖರ್ಚು ಮಾಡಬೇಡಿ.

ಡೆಕ್ಟ್

ಡೆಕ್ಟ್ ಮಾತಿಗೆಂದೇ ಮಾಡಿದ ರೇಡಿಯೊ. ಯುರೋಪಿನ ಮಾದರಿ 1880ರಿಂದ 1900 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅಂದರೆ ಗೆಸ್ಟ್‌ಗಳ ವೈಫೈ ಎಷ್ಟೇ ತುಂಬಿಕೊಂಡಿರಲಿ ಇದಕ್ಕೆ ಅದರ ಗಾಳಿ ಸೋಕುವುದಿಲ್ಲ. ಬಯಲಲ್ಲಿ ಸುಮಾರು 300 ಮೀಟರ್, ಕಟ್ಟಡದ ಒಳಗೆ 50 ಮೀಟರ್ ಅಂತ ಪೆಟ್ಟಿಗೆ ಮೇಲೆ ಬರೆದಿರುತ್ತಾರೆ. ನಮ್ಮ ಕಡೆ ಆ 300 ಅನ್ನು ನಂಬಬೇಡಿ. ಮಳೆಗೆ ನೆನೆದ ಸಿಲ್ವರ್ ಓಕ್, ನಡುವೆ ಒಂದು ಏರು, ಅದರಾಚೆ ತಗಡಿನ ಶೆಡ್ಡು, ಇಷ್ಟಾದರೆ ಸಿಗ್ನಲ್ ಅರ್ಧ ದಾರಿಯಲ್ಲೇ ಸುಸ್ತು. ಮಂಗಳೂರು ಹಂಚಿನ ಮಾಡು ಅಷ್ಟಾಗಿ ತಡೆಯುವುದಿಲ್ಲ, ತಗಡು ತಡೆಯುತ್ತದೆ, ದಪ್ಪ ಕಲ್ಲಿನ ಗೋಡೆಯೂ ತಡೆಯುತ್ತದೆ.

ಐಪಿ ಡೆಕ್ಟ್‌ನ (ಕಂಪ್ಯೂಟರ್ ನೆಟ್‌ವರ್ಕ್ ಮೂಲಕ ನಡೆಯುವ ಡೆಕ್ಟ್) ದೊಡ್ಡ ಅನುಕೂಲ ಸೆಟ್ಟಿಂಗ್‌ನಲ್ಲಿದೆ. ನೆಟ್‌ವರ್ಕ್‌ಗೆ ಸೇರುವುದು ಬೇಸ್ ಮಾತ್ರ, ಹ್ಯಾಂಡ್‌ಸೆಟ್ ಅಲ್ಲ. ಹತ್ತು ಹ್ಯಾಂಡ್‌ಸೆಟ್ ಇದ್ದರೂ ಐಪಿ ವಿಳಾಸ ಬೇಕಾಗೋದು ಎರಡೋ ಮೂರೋ ಬೇಸ್‌ಗೆ. ಹ್ಯಾಂಡ್‌ಸೆಟ್ ಬಿದ್ದು ಒಡೆದರೆ ಹೊಸದನ್ನು ಬೇಸ್ ಜೊತೆ ಪೇರ್ ಮಾಡಿ, ಹಳೆಯ ನಂಬರ್ ಕೊಟ್ಟರೆ ಮುಗಿಯಿತು, ಇದನ್ನು ರೈಟರ್ ಕೂಡ ಮಾಡಬಲ್ಲರು. ಚಾರ್ಜೂ ಹೆಚ್ಚು ಬಾಳುತ್ತದೆ. ರಾತ್ರಿ ಚಾರ್ಜರಿಗೆ ಇಡುವುದು ಮರೆತರೂ ಬೆಳಿಗ್ಗೆ ಫೋನ್ ಸತ್ತಿರುವುದಿಲ್ಲ.

ಒಂದೇ ಬೇಸ್ ಸಾಕಾದರೆ ಇದರಷ್ಟು ಸುಲಭ, ಅಗ್ಗ ಯಾವುದೂ ಇಲ್ಲ. ಹಲವು ಬೇಸ್ ಬೇಕಾದಾಗ ಒಂದು ಕೊಂಕು ಇದೆ. ಬೇಸ್‌ಗಳು ತಮ್ಮ ತಮ್ಮಲ್ಲಿ ಸಮಯ ಹೊಂದಿಸಿಕೊಂಡರೆ ಮಾತ್ರ ಕರೆ ಒಂದರಿಂದ ಇನ್ನೊಂದಕ್ಕೆ ಕಡಿಯದೆ ಹೋಗುತ್ತದೆ. ಗಾಳಿಯಲ್ಲೇ ಹೊಂದಿಸಿಕೊಳ್ಳುವ ಮಾದರಿಯಾದರೆ ಒಂದು ಬೇಸ್‌ಗೆ ಪಕ್ಕದ ಬೇಸ್ ಚೆನ್ನಾಗಿ ಕೇಳಿಸಬೇಕು. ಗುಡ್ಡದ ಆಚೆ ಒಂದು, ಈಚೆ ಒಂದು ಇಟ್ಟರೆ ಆಗದು. ಲ್ಯಾನ್ ಮೂಲಕ ಹೊಂದಿಸಿಕೊಳ್ಳುವ ಮಾದರಿಗೆ ಸ್ವಿಚ್‌ಗಳು ಮಲ್ಟಿಕಾಸ್ಟ್ (ಒಂದೇ ಸಲ ಹಲವು ಸಾಧನಗಳಿಗೆ ಹೋಗುವ) ಪ್ಯಾಕೆಟ್‌ಗಳನ್ನು ನುಂಗದೆ ಸಾಗಿಸಬೇಕು, ಬಸ್‌ಸ್ಟ್ಯಾಂಡ್ ಪಕ್ಕದ ಅಂಗಡಿಯ ಅಗ್ಗದ ಸ್ವಿಚ್ ತಂದು ಹಾಕಿದರೆ ಎಲ್ಲಿ ತಪ್ಪಿತು ಅಂತಾನೇ ಗೊತ್ತಾಗೋದಿಲ್ಲ.

ಅಮೆರಿಕದಿಂದ ಯಾರೋ ತಂದುಕೊಟ್ಟ ಕಾರ್ಡ್‌ಲೆಸ್ ಸೆಟ್ ಮಾತ್ರ ಬೇಡ. ಅದು 1920ರಿಂದ 1930 ಮೆಗಾಹರ್ಟ್ಸ್‌ನದು. ಅದು ಇಲ್ಲಿ ಮೊಬೈಲ್ ಫೋನ್‌ಗಳು ಟವರಿಗೆ ಮಾತಾಡುವ 1920–1980ರ ಪಟ್ಟಿಯೊಳಗೇ ಬೀಳುತ್ತದೆ, ಟವರಿಗೆ ಕಿರಿಕಿರಿ, ನಿಮಗೆ ತೊಂದರೆ. ಇಲ್ಲೇ ಕೊಳ್ಳುವಾಗಲೂ ಕೇಂದ್ರ ಸರ್ಕಾರದ ರೇಡಿಯೊ ಪರವಾನಗಿ ವಿಭಾಗ ಡಬ್ಲ್ಯುಪಿಸಿಯ ಇಟಿಎ ಒಪ್ಪಿಗೆ ಇರುವ ಮಾಡೆಲ್ಲಾ ಅಂತ ಕೇಳಿ.

ವೈಫೈ ಫೋನ್

ಕಟ್ಟಡದ ಮೂಲೆಮೂಲೆಗೂ ಒಳ್ಳೆಯ ವೈಫೈ ಈಗಾಗಲೇ ಇದ್ದರೆ ಇನ್ನೊಂದು ರೇಡಿಯೊ ಯಾಕೆ ಅನ್ನೋದು ಇದರ ವಾದ. ವಾದ ಸರಿ. ಆದರೆ "ಒಳ್ಳೆಯ ವೈಫೈ" ಅಂದರೆ ವಾಟ್ಸಾಪ್ ಓಡುವ ವೈಫೈ ಅಲ್ಲ. ಮಾತಿಗೆ ಎಲ್ಲ ಕಡೆ ಮೈನಸ್ 67 ಡಿಬಿಎಂ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು) ಅಥವಾ ಅದಕ್ಕಿಂತ ಚೆನ್ನಾಗಿ ಸಿಗಬೇಕು, ಒಂದು ಆಕ್ಸೆಸ್ ಪಾಯಿಂಟ್‌ನ (ವೈಫೈ ಕೊಡುವ ಪೆಟ್ಟಿಗೆ) ವ್ಯಾಪ್ತಿ ಮುಗಿಯುವ ಮೊದಲೇ ಇನ್ನೊಂದು ಶುರುವಾಗಬೇಕು. ಮೊಬೈಲಿನಲ್ಲಿ ಒಂದು ವೈಫೈ ಅನಲೈಜರ್ ಆಪ್ ಹಾಕಿಕೊಂಡು, ಬಾಗಿಲು ಮುಚ್ಚಿ, ಬಾತ್‌ರೂಮ್, ಮೆಟ್ಟಿಲ ಕೆಳಗೆ, ಸ್ಟೋರ್ ರೂಮ್ ಎಲ್ಲ ಸುತ್ತಿ ಬನ್ನಿ. ಮೈನಸ್ 75 ಕಂಡ ಜಾಗದಲ್ಲಿ ಮಾತು ತುಂಡು ತುಂಡಾಗುತ್ತದೆ ಅಂತಲೇ ತಿಳಿಯಿರಿ.

ಇಲ್ಲಿ ಪ್ರತಿ ಹ್ಯಾಂಡ್‌ಸೆಟ್ಟೂ ನೆಟ್‌ವರ್ಕ್‌ಗೆ ಒಂದು ಕಂಪ್ಯೂಟರ್ ಇದ್ದ ಹಾಗೇ. ಪ್ರತಿಯೊಂದಕ್ಕೂ ವೈಫೈ ಹೆಸರು, ಪಾಸ್‌ವರ್ಡ್, ಐಪಿ, ಸಿಪ್ (ನೆಟ್‌ವರ್ಕ್ ಮೇಲೆ ಕರೆ ಕೂಡಿಸುವ ಪದ್ಧತಿ) ಖಾತೆ ಎಲ್ಲ ತುಂಬಬೇಕು. ಕೈಯಲ್ಲಿ ಒಂದೊಂದೇ ಒತ್ತುತ್ತಾ ಕೂರಬೇಡಿ, ಡಿಎಚ್‌ಸಿಪಿಯ (ಸಾಧನಗಳಿಗೆ ರೂಟರ್ ತಾನೇ ಐಪಿ ವಿಳಾಸ ಹಂಚುವ ವ್ಯವಸ್ಥೆ) 66ನೇ ಆಪ್ಷನ್‌ನಲ್ಲಿ ಪ್ರೊವಿಶನಿಂಗ್ ಸರ್ವರ್ (ಸೆಟ್ಟಿಂಗ್ ಫೈಲ್ ಇಟ್ಟಿರುವ ಕಂಪ್ಯೂಟರ್) ವಿಳಾಸ ಕೊಟ್ಟರೆ ಅದನ್ನು ಓದುವ ಫೋನ್‌ಗಳು ತಾವೇ ಫೈಲ್ ಎಳೆದುಕೊಳ್ಳುತ್ತವೆ. ಕೊಳ್ಳುವ ಮೊದಲು ಇದು ಇದೆಯಾ ಕೇಳಿ.

ಆಕ್ಸೆಸ್ ಪಾಯಿಂಟ್‌ನಲ್ಲಿ ಮಾಡಬೇಕಾದ್ದು ಇಷ್ಟು. ಮಾತಿಗೇ ಬೇರೆ ವೈಫೈ ಹೆಸರು, ಸಾಧ್ಯವಾದರೆ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ. 2.4ರಲ್ಲೇ ಇರಬೇಕಾದರೆ 1, 6, 11 ಬಿಟ್ಟು ಬೇರೆ ಚಾನೆಲ್ ಬೇಡ. ಡಬ್ಲ್ಯುಎಂಎಂ (ವೈಫೈನಲ್ಲಿ ಮಾತಿಗೆ ಮೊದಲ ಸ್ಥಾನ ಕೊಡುವ ಸೆಟ್ಟಿಂಗ್) ಆನ್ ಇರಲಿ, ನಡೆಯುತ್ತಾ ಮಾತಾಡುವವರಿದ್ದರೆ 802.11ಆರ್ (ಒಂದು ಆಕ್ಸೆಸ್ ಪಾಯಿಂಟ್‌ನಿಂದ ಇನ್ನೊಂದಕ್ಕೆ ಬೇಗ ಜಾರಿಸುವುದು) ಕೂಡ. ಆದರೆ ಫೋನೂ ಅದನ್ನು ಅರಿತಿರಬೇಕು, ಇಲ್ಲದಿದ್ದರೆ ಸೇರಿಕೊಳ್ಳೋದಕ್ಕೇ ತಕರಾರು ಮಾಡುತ್ತದೆ. ಆಕ್ಸೆಸ್ ಪಾಯಿಂಟ್‌ನ ಪವರ್ ಅನ್ನು ಪೂರ್ತಿ ಏರಿಸಿಡಬೇಡಿ. ಅದು ಕೂಗಿದ್ದು ಫೋನಿಗೆ ಕೇಳಿಸುತ್ತದೆ, ಫೋನ್ ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ, ಪರದೆಯಲ್ಲಿ ಸಿಗ್ನಲ್ ಪೂರ್ತಿ ಇದ್ದರೂ ಎದುರಿನವರು "ಹಲೋ ಹಲೋ" ಅನ್ನುತ್ತಿರುತ್ತಾರೆ.

ಇನ್ನು ವೈರಿಲ್ಲದೆ ಒಂದರಿಂದ ಇನ್ನೊಂದಕ್ಕೆ ಹಾರುವ ಮೆಶ್ ಕಿಟ್‌ಗಳು. ಸಿನಿಮಾ ನೋಡೋದಕ್ಕೆ ಚೆನ್ನ, ಮಾತಿಗೆ ನನ್ನ ಓಟು ಇಲ್ಲ. ಒಂದೇ ರೇಡಿಯೊ ಎರಡೂ ಕಡೆ ಮಾತಾಡಬೇಕಾದ ಮೆಶ್‌ನಲ್ಲಿ ಪ್ರತಿ ಹಾರಿಕೆಗೆ ವೇಗ ಅರ್ಧವಾಗುತ್ತದೆ, ತಡ ಏರುತ್ತದೆ.

ಬೆಲೆ ಹೇಳೋದಾದರೆ ಒಂದು ಗಟ್ಟಿ ವೈಫೈ ಹ್ಯಾಂಡ್‌ಸೆಟ್‌ಗೆ ಒಳ್ಳೆಯ ಸ್ಮಾರ್ಟ್‌ಫೋನ್ ದುಡ್ಡು ಬೀಳುತ್ತದೆ. ಹಾಸನದಂಥ ಊರಿನಲ್ಲಿ ಮೂರ್ನಾಲ್ಕು ಅಂತಸ್ತಿನ ನರ್ಸಿಂಗ್ ಹೋಮ್, ಪ್ರತಿ ವಾರ್ಡಿಗೂ ವೈರ್ ಎಳೆದ ಆಕ್ಸೆಸ್ ಪಾಯಿಂಟ್, ನರ್ಸ್ ಕೈಗೆ ಕರೆಯ ಜೊತೆ ಅಲಾರ್ಮ್ ಮೆಸೇಜೂ ಬರಬೇಕು, ನೋಡಿಕೊಳ್ಳೋದಕ್ಕೆ ಐಟಿ ಹುಡುಗ ಇದ್ದಾನೆ ಅಂದರೆ ಆ ದುಡ್ಡು ದಂಡವಲ್ಲ. ಎಸ್ಟೇಟಿಗೆ ದಂಡ.

ಮೊಬೈಲಿಗೇ ಆಪ್

ಹ್ಯಾಂಡ್‌ಸೆಟ್ ಖರ್ಚು ಸೊನ್ನೆ. ಸಿಪ್ ಆಪ್ ಹಾಕಿ, ಎಕ್ಸ್‌ಟೆನ್ಶನ್ ನಂಬರ್, ಪಾಸ್‌ವರ್ಡ್ ಕೊಟ್ಟರೆ ಕೆಲಸ ಶುರು. ಶುರುವಾಗೋದು ಸುಲಭ, ದಿನಾ ನಡೆಸೋದು ಕಷ್ಟ. ಬ್ಯಾಟರಿ ಉಳಿಸುವ ನೆಪದಲ್ಲಿ ಫೋನು ಆಪ್ ಅನ್ನು ಮಲಗಿಸುತ್ತದೆ, ಕರೆ ಬಂದಿದ್ದೇ ಗೊತ್ತಾಗೋದಿಲ್ಲ. ಅದಕ್ಕೆ ಪುಶ್ ನೋಟಿಫಿಕೇಶನ್ ಇದೆ ಅಂತಾರೆ. ಇದೆ, ಆದರೆ ಪುಶ್ ಬರೋದು ಹೊರಗಿನ ಸರ್ವರ್‌ನಿಂದ. ಐಫೋನ್ ಅಂತೂ ಮಲಗಿದ ಆಪನ್ನು ಎಬ್ಬಿಸೋದು ಪುಶ್ ಮೂಲಕವೇ. ಅಂದರೆ ಪಿಬಿಎಕ್ಸ್ ನಿಮ್ಮ ಆಫೀಸಿನಲ್ಲೇ ಇದ್ದರೂ ಫೈಬರ್ ಕಟ್ ಆದ ದಿನ ಪಕ್ಕದ ರೂಮಿನ ಫೋನ್ ರಿಂಗ್ ಆಗದೇ ಇರಬಹುದು. ಮೊದಲ ಪ್ರಶ್ನೆಯಲ್ಲೇ ಇದು ಫೇಲ್. ಜೊತೆಗೆ ಕೆಲಸದವರ ಸ್ವಂತ ಮೊಬೈಲಿಗೆ ನಿಮ್ಮ ಇಂಟರ್‌ಕಾಮ್ ಹಾಕಿದರೆ, ಅವರು ಕೆಲಸ ಬಿಟ್ಟ ದಿನ ಆ ಖಾತೆಯನ್ನೂ ತೆಗೆಯಬೇಕು. ನೆನಪಿರುತ್ತದಾ?

ಮಾಲೀಕರು ಒಬ್ಬರಿಗೆ, ಊರಿಗೆ ಹೋದಾಗಲೂ ರಿಸೆಪ್ಷನ್ ಕರೆ ಎತ್ತಬೇಕು ಅನ್ನುವವರಿಗೆ ಇದು ಸರಿ. ಇಡೀ ವ್ಯವಸ್ಥೆಗೆ ಬೇಡ.

ಇದರ ಜೊತೆ ಗೊಂದಲ ಮಾಡಿಕೊಳ್ಳುವ ಇನ್ನೊಂದು ವೈಫೈ ಕಾಲಿಂಗ್. 2019ರ ಡಿಸೆಂಬರ್‌ನಲ್ಲಿ ಏರ್‌ಟೆಲ್, 2020ರ ಜನವರಿಯಲ್ಲಿ ಜಿಯೋ ಶುರು ಮಾಡಿದ್ದು. ಟವರ್ ಇಲ್ಲದ ಮನೆಯೊಳಗೆ ಫೈಬರ್ ಮೂಲಕ ನಿಮ್ಮ ಮೊಬೈಲ್ ನಂಬರಿಗೇ ಕರೆ ಬರುತ್ತದೆ. ಇಂಟರ್‌ಕಾಮ್ ಅಲ್ಲ, ಆದರೆ ಬರೀ ಹೊರಗಿನ ಕರೆ ಬೇಕಾದವರಿಗೆ ಮೊಬೈಲ್ ಸೆಟ್ಟಿಂಗ್‌ನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು, ಹೊಸ ಸಾಮಾನೇ ಬೇಡ. ಆಗುತ್ತಿಲ್ಲ ಅಂದರೆ ರೂಟರ್‌ನಲ್ಲಿ ಯುಡಿಪಿ 500 ಮತ್ತು 4500 ಪೋರ್ಟ್ ಹೊರಹೋಗದಂತೆ ತಡೆದಿದೆಯಾ ನೋಡಿ.

ಸೆಟ್ಟಿಂಗ್‌ನಲ್ಲೂ ಆಯ್ಕೆ ಇದೆ

ಫೋನ್ ಯಾವುದೇ ಇರಲಿ, ನೆಟ್‌ವರ್ಕ್ ಹಾಕುವವರು ಮೂರ್ನಾಲ್ಕು ಕಡೆ ನಿಮ್ಮ ಪರವಾಗಿ ತೀರ್ಮಾನ ಮಾಡುತ್ತಾರೆ. ಏನು ಮಾಡಿದರು ಅಂತ ಕೇಳಿ ತಿಳಿದುಕೊಳ್ಳಿ.

ಮೊದಲನೆಯದು, ಎಲ್ಲವೂ ಒಂದೇ ನೆಟ್‌ವರ್ಕ್‌ನಲ್ಲಾ, ಮಾತಿಗೆ ಬೇರೆ ವಿಲ್ಯಾನಾ (ಅದೇ ವೈರಿನಲ್ಲಿ ಬೇರ್ಪಡಿಸಿದ ಇನ್ನೊಂದು ನೆಟ್‌ವರ್ಕ್). ಗೆಸ್ಟ್‌ಗಳಿಗೆ ವೈಫೈ ಕೊಡುವವರು ಬೇರೆ ಮಾಡಲೇಬೇಕು ಅನ್ನೋದು ನನ್ನ ಖಡಾಖಂಡಿತ ಮಾತು. ರೂಟರ್ ಹಂಚುವ ವಿಳಾಸ ನೂರು ಅಂತಿಟ್ಟುಕೊಳ್ಳಿ, ಲೀಸ್ (ಕೊಟ್ಟ ವಿಳಾಸ ಒಂದು ಸಾಧನದ ಹೆಸರಲ್ಲಿ ಉಳಿಯುವ ಅವಧಿ) ಒಂದು ದಿನ. ಶನಿವಾರ ಬಂದವರ ಫೋನು, ಲ್ಯಾಪ್‌ಟಾಪು, ವಾಚು, ಭಾನುವಾರ ಬಂದವರದ್ದು, ಎಲ್ಲ ಸೇರಿ ಬುಟ್ಟಿ ಖಾಲಿ. ಆಗ ರೀಸ್ಟಾರ್ಟ್ ಆದ ಡೆಕ್ಟ್ ಬೇಸ್‌ಗೆ ವಿಳಾಸವೇ ಸಿಗುವುದಿಲ್ಲ, ನೀವು ಫೋನ್ ಕೆಟ್ಟಿದೆ ಅಂತ ಅಂಗಡಿಗೆ ಹೊರಡುತ್ತೀರಿ. ಮಾತಿಗೆ 192.168.20 ಅಂತ ಬೇರೆ ಸಾಲು ಕೊಟ್ಟರೆ ಈ ರಗಳೆ ಇಲ್ಲ, ಗೆಸ್ಟ್‌ಗಳಿಗೆ ನಿಮ್ಮ ಪಿಬಿಎಕ್ಸ್ ಕಾಣುವುದೂ ಇಲ್ಲ. ವಿಲ್ಯಾನ್ ಗೊತ್ತಿರುವ ಮ್ಯಾನೇಜ್ಡ್ ಸ್ವಿಚ್ ಬೇಕು, ಸ್ವಲ್ಪ ಜಾಸ್ತಿ ಖರ್ಚು. ಮನೆ ಮಟ್ಟದ ಒಂದೇ ಬೇಸ್‌ಗೆ ಬೇಡ.

ಎರಡನೆಯದು, ವಿಳಾಸವನ್ನು ಬೇಸ್‌ನಲ್ಲೇ ಬರೆದು ಗಟ್ಟಿ ಮಾಡೋದಾ, ರೂಟರ್‌ನಲ್ಲಿ ಕಾಯ್ದಿರಿಸೋದಾ. ಕಾಯ್ದಿರಿಸೋದೇ ವಾಸಿ. ಸಿಡಿಲಿಗೆ ರೂಟರ್ ಸುಟ್ಟು ಬೇರೆ ಸಾಲಿನ ರೂಟರ್ ಬಂದಾಗ, ಬೇಸ್‌ನಲ್ಲಿ ಬರೆದಿಟ್ಟ ಹಳೆಯ ವಿಳಾಸವನ್ನು ಹುಡುಕಿ ತಿದ್ದೋದಕ್ಕೆ ಏಣಿ ಹತ್ತಬೇಕು. ಪಿಬಿಎಕ್ಸ್‌ಗೆ ಮಾತ್ರ ಗಟ್ಟಿ ವಿಳಾಸ ಇರಲಿ, ಉಳಿದವೆಲ್ಲ ಅದನ್ನೇ ಹುಡುಕಿಕೊಂಡು ಬರುತ್ತವಲ್ಲ. ಫೈಬರ್ ಕಂಪನಿಯ ಬಾಕ್ಸೂ ಡಿಎಚ್‌ಸಿಪಿ ಹಂಚುತ್ತಿದೆ, ನಿಮ್ಮ ರೂಟರೂ ಹಂಚುತ್ತಿದೆ ಅನ್ನುವ ಸ್ಥಿತಿ ಒಂದೇ ವೈರಿನಲ್ಲಿ ಬರದಂತೆ ನೋಡಿಕೊಳ್ಳಿ.

ಮೂರನೆಯದು ಪಿಬಿಎಕ್ಸ್ ಎಲ್ಲಿ ಅನ್ನೋದು. ಕ್ಲೌಡ್ ಆದರೆ ತಿಂಗಳ ಬಾಡಿಗೆ, ನಿಮ್ಮಲ್ಲಿ ಬಾಕ್ಸ್ ಇಲ್ಲ, ರಿಪೇರಿ ಇಲ್ಲ, ಪೇಟೆಯ ಲಾಡ್ಜ್‌ಗೆ ಎರಡು ಇಂಟರ್ನೆಟ್ ಲೈನ್ ಇದ್ದರೆ ಒಳ್ಳೆಯದೇ. ಗುಡ್ಡದ ಮೇಲೆ ಒಂದೇ ಫೈಬರ್ ನಂಬಿಕೊಂಡವರು ಸ್ಥಳೀಯ ಬಾಕ್ಸ್ ಬಿಟ್ಟು ಬೇರೆ ಯೋಚನೆ ಮಾಡಬೇಡಿ. ಕ್ಲೌಡ್ ಅಥವಾ ಹೊರಗಿನ ಸಿಪ್ ಲೈನ್ ಇದ್ದವರಿಗೆ ಮಾತ್ರ ಬರುವ ಮೂರು ಕಾಯಿಲೆ ಇವೆ. ಒಂದು ಕಡೆಯ ಮಾತು ಮಾತ್ರ ಕೇಳುವುದು. ಕರೆ ಸರಿಯಾಗಿ 32 ಸೆಕೆಂಡಿಗೆ ಕಟ್ ಆಗುವುದು. ಹೋಗುವ ಕರೆ ಹೋಗುತ್ತದೆ, ಬರುವುದು ಮಾತ್ರ ಬರುವುದಿಲ್ಲ ಅನ್ನೋದು. ಮೂರರಲ್ಲೂ ಮೊದಲು ಸಂಶಯ ಪಡಬೇಕಾದ್ದು ನಿಮ್ಮ ಒಳಗಿನ ವಿಳಾಸವನ್ನು ರೂಟರ್ ಹೊರಗಿನದಕ್ಕೆ ಬದಲಿಸುವ ಕೆಲಸವನ್ನು (ನ್ಯಾಟ್). 32 ಸೆಕೆಂಡ್ ಸುಮ್ನೆ ಬಂದ ಸಂಖ್ಯೆ ಅಲ್ಲ, ಎದುರಿನ ಖಾತ್ರಿ ಮೆಸೇಜ್‌ಗೆ ಸಿಪ್ ಕಾಯುವ ಗಡುವೇ ಅಷ್ಟು. ರೂಟರ್‌ನಲ್ಲಿ ಸಿಪ್ ಎಎಲ್‌ಜಿ (ಸಿಪ್ ಮೆಸೇಜ್‌ಗಳನ್ನು ರೂಟರ್ ನಡುವೆ ತಿದ್ದುವುದು) ಅನ್ನೋದನ್ನು ಆಫ್ ಮಾಡಿ, ಫೋನ್‌ನಲ್ಲಿ ಕೀಪ್ ಅಲೈವ್ (ಆಗಾಗ ಪುಟ್ಟ ಮೆಸೇಜ್ ಕಳಿಸಿ ದಾರಿ ತೆರೆದಿಡುವುದು) ಆನ್ ಮಾಡಿ, ಎಷ್ಟೋ ಸಲ ಇಷ್ಟಕ್ಕೇ ಸರಿಹೋಗುತ್ತದೆ. ರೂಟರ್‌ನ ಹೊರಗಿನ ವಿಳಾಸ 100.64ರಿಂದ 100.127ರ ಒಳಗೆ ಶುರುವಾಗಿದ್ದರೆ ನೀವು ಕಂಪನಿಯ ಇನ್ನೊಂದು ಬಾಗಿಲಿನ ಹಿಂದೆಯೂ ಇದ್ದೀರಿ, ಪೋರ್ಟ್ ಫಾರ್ವರ್ಡ್ (ಹೊರಗಿನಿಂದ ಬಂದದ್ದನ್ನು ನೇರ ಪಿಬಿಎಕ್ಸ್‌ಗೆ ಬಿಡುವುದು) ಮಾಡಿ ಪ್ರಯೋಜನವಿಲ್ಲ. ಮಾಡಲೂಬೇಡಿ. ಸಿಪ್‌ನ 5060 ಪೋರ್ಟನ್ನು ಜಗತ್ತಿಗೆ ತೆರೆದಿಟ್ಟರೆ ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಮ್‌ಗಳು ಬಾಗಿಲು ತಟ್ಟುತ್ತಲೇ ಇರುತ್ತವೆ, ಸಿಕ್ಕರೆ ನಿಮ್ಮ ಲೈನ್‌ನಿಂದ ವಿದೇಶಕ್ಕೆ ಕರೆ. ಐಎಸ್‌ಡಿ ಬೇಡದಿದ್ದರೆ ಪಿಬಿಎಕ್ಸ್‌ನಲ್ಲೂ ಕಂಪನಿಯಲ್ಲೂ ಮುಚ್ಚಿಸಿ.

ಸ್ಪೀಡ್ ವಿಷಯಕ್ಕೆ ಜನ ಸುಮ್ನೆ ಹೆದರುತ್ತಾರೆ. ಜಿ.711 ಕೋಡೆಕ್‌ನಲ್ಲಿ (ಧ್ವನಿಯನ್ನು ಡೇಟಾ ಮಾಡುವ ವಿಧಾನ) ಒಂದು ಕರೆಗೆ ಒಂದೊಂದು ದಿಕ್ಕಿಗೆ 87 ಕೆಬಿಪಿಎಸ್ ಸಾಕು, ಹತ್ತು ಕರೆ ಒಟ್ಟಿಗೆ ನಡೆದರೂ 1 ಎಂಬಿಪಿಎಸ್ ಆಗೋದಿಲ್ಲ. ಜಿ.729 ಆದರೆ 31ರ ಆಸುಪಾಸು, ಆದರೆ ಧ್ವನಿ ಸ್ವಲ್ಪ ಬಡಕಲು. ಫೈಬರ್ ಇರುವವರು ಜಿ.711ರ ಎ-ಲಾ ಇಟ್ಟುಕೊಳ್ಳಿ. ತೊಂದರೆ ಆಗೋದು ಸಾಲಿನಿಂದ. ಮುಳ್ಳಯ್ಯನಗಿರಿ ಹತ್ತಿ ಬಂದ ಗೆಸ್ಟ್‌ಗಳ ಫೋನುಗಳೆಲ್ಲ ಸಂಜೆ ಒಟ್ಟಿಗೆ ವಿಡಿಯೊ ಅಪ್‌ಲೋಡ್ ಶುರು ಮಾಡಿದಾಗ ಮಾತಿನ ಪುಟ್ಟ ಪ್ಯಾಕೆಟ್ ಶಿರಾಡಿ ಘಾಟಿಯ ಲಾರಿ ಸಾಲಿನ ಹಿಂದೆ ಸಿಕ್ಕಿಕೊಂಡ ಆಂಬುಲೆನ್ಸ್ ಥರ ಆಗುತ್ತದೆ. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡ್ ದಾಟಿದರೆ ಇಬ್ಬರೂ ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗುವ ಆಟ ಶುರು. ರೂಟರ್‌ನಲ್ಲಿ ಅಪ್‌ಲೋಡ್ ಮಿತಿಯನ್ನು ನಿಜವಾಗಿ ಸಿಗುವ ವೇಗಕ್ಕಿಂತ ಸ್ವಲ್ಪ ಕೆಳಗೆ ಕಟ್ಟಿ, ಮಾತಿಗೆ ಡಿಎಸ್‌ಸಿಪಿ 46 (ಇದು ಅವಸರದ ಪ್ಯಾಕೆಟ್ ಅನ್ನುವ ಗುರುತು) ಹಾಕಿ ಅದನ್ನು ಮೊದಲು ಬಿಡಲು ಹೇಳಿ. ವೈಫೈ ಫೋನ್‌ನವರಿಗೆ ಇನ್ನೊಂದು ಸೂಕ್ಷ್ಮ ಇದೆ. ಎಷ್ಟೋ ಆಕ್ಸೆಸ್ ಪಾಯಿಂಟ್‌ಗಳು 46ರ ಗುರುತನ್ನು ಮಾತಿನ ಸಾಲಿಗೆ ಹಾಕದೆ ವಿಡಿಯೊ ಸಾಲಿಗೆ ತಳ್ಳುತ್ತವೆ, ಆ ಹೊಂದಿಕೆಯನ್ನು ಕೈಯಾರೆ ತಿದ್ದಬೇಕಾಗುತ್ತದೆ.

ಸಮಯದ ಸೆಟ್ಟಿಂಗನ್ನು ಯಾರೂ ನೋಡುವುದಿಲ್ಲ. ಕರೆಂಟ್ ಹೋಗಿ ಬಂದ ಮೇಲೆ ಒಳಗೆ ಗಡಿಯಾರದ ಬ್ಯಾಟರಿ ಇಲ್ಲದ ಎಷ್ಟೋ ಸಾಧನಗಳು 1970ರಲ್ಲೋ ಇನ್ಯಾವುದೋ ಹಳೇ ವರ್ಷದಲ್ಲೋ ಏಳುತ್ತವೆ, ಆಗ ಗೂಢಲಿಪಿಯ ಸಿಪ್ ಲೈನ್ ಸರ್ಟಿಫಿಕೇಟ್ ತಪ್ಪು ಅಂತ ಹಟ ಹಿಡಿಯುತ್ತದೆ. ಎನ್‌ಟಿಪಿ (ಸರಿಯಾದ ಸಮಯ ಹೇಳುವ) ಸರ್ವರ್ ಕೊಟ್ಟು, ಟೈಮ್‌ಜೋನ್ 5:30 ಮಾಡಿ.

ಎಸ್ಟೇಟಿನವರಿಗೆ ಮಾತ್ರ ಇನ್ನೊಂದು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೊರಗೆ ತಾಮ್ರದ ಲ್ಯಾನ್ ವೈರ್ ಎಳೆಯಬೇಡಿ. 100 ಮೀಟರ್ ಮಿತಿ ಒಂದು ಕಡೆ ಇರಲಿ, ಏಪ್ರಿಲ್ ಮೇ ಗುಡುಗಿಗೆ ಆ ವೈರು ಸಿಡಿಲನ್ನು ನೇರ ಸ್ವಿಚ್ಚಿಗೆ ತಂದುಕೊಡುತ್ತದೆ. ಲೋಹದ ತಂತಿ ಇಲ್ಲದ ಫೈಬರ್ ಕೇಬಲ್, ಎರಡು ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ವೈರಿಗೆ ಕೂಡಿಸುವ ಪೆಟ್ಟಿಗೆ), ಅಲ್ಲಿಂದ ಒಂದು ಚಿಕ್ಕ ಪಿಓಇ ಸ್ವಿಚ್ (ಲ್ಯಾನ್ ವೈರಿನಲ್ಲೇ ಕರೆಂಟೂ ಕೊಡುವಂಥದ್ದು), ಅದಕ್ಕೊಂದು ಯುಪಿಎಸ್. ಬೇಸ್‌ಗೆ ಕರೆಂಟು ಆ ಸ್ವಿಚ್‌ನ ಲ್ಯಾನ್ ವೈರಿನಲ್ಲೇ ಹೋಗುವುದರಿಂದ ಒಂದು ಕಟ್ಟಡದೊಳಗೆ ಯುಪಿಎಸ್ ಒಂದು ಕಡೆ ಇದ್ದರೆ ಸಾಕು, ಆದರೆ ಫೈಬರ್‌ನಲ್ಲಿ ಕರೆಂಟ್ ಹೋಗದ ಕಾರಣ ಪ್ರತಿ ಕಟ್ಟಡಕ್ಕೂ ಅದರದ್ದೇ ಯುಪಿಎಸ್ ಬೇಕು.

ಬಜೆಟ್ ತೀರಾ ಕಡಿಮೆ ಇದ್ದರೆ ಪೂರ್ತಿ ಕಾಡು ಸುತ್ತುವ ವ್ಯವಸ್ಥೆಗೆ ಕೈ ಹಾಕಬೇಡಿ. ಆಫೀಸು, ಅಡುಗೆಮನೆ, ಹತ್ತಿರದ ಕಾಟೇಜ್‌ಗಳಿಗೆ ಒಂದೇ ಬೇಸ್‌ನ ಡೆಕ್ಟ್ ಮತ್ತು ಸ್ಥಳೀಯ ಪುಟ್ಟ ಪಿಬಿಎಕ್ಸ್ ಹಾಕಿ, ದೂರದ ಕಾಟೇಜಿಗೆ ವೈರ್ ಫೋನ್ ಕೊಡಿ. ಬೇಸ್ ಕೊಳ್ಳುವಾಗ ಮುಂದೆ ಇನ್ನಷ್ಟು ಬೇಸ್ ಸೇರಿಸಬಹುದಾದ ಮಾಡೆಲ್ ಆರಿಸಿಕೊಳ್ಳಿ, ಮುಂದಿನ ಸೀಸನ್ ದುಡ್ಡಲ್ಲಿ ಬೆಳೆಸಬಹುದು. ತುರ್ತಿಗೆ 112ಕ್ಕೋ 108ಕ್ಕೋ ಕರೆ ಮಾಡಬೇಕಾದಾಗ ಈ ಇಂಟರ್‌ಕಾಮ್ ಒಂದನ್ನೇ ನಂಬಬೇಡಿ, ಸಿಗ್ನಲ್ ಸಿಗುವ ಜಾಗದಲ್ಲಿ ಒಂದು ಮೊಬೈಲ್ ಚಾರ್ಜಿನಲ್ಲಿರಲಿ.

ಕೆಲಸ ಮುಗಿಸಿ ಬಾಕಿ ದುಡ್ಡು ಕೇಳಲು ಬಂದವರ ಹತ್ತಿರ, ಮೇನ್ ಸ್ವಿಚ್ ಆಫ್ ಮಾಡಿ ಹತ್ತು ನಿಮಿಷ ಬಿಡಿ, ಫೈಬರ್ ಕೀಳಿ, ದೂರದ ಕಾಟೇಜಿನಿಂದ ಆಫೀಸಿಗೆ ಕರೆ ಮಾಡಿಸಿ. ಆಮೇಲೆ ರೂಟರ್, ಸ್ವಿಚ್, ಪಿಬಿಎಕ್ಸ್ ಮೂರರ ಪಾಸ್‌ವರ್ಡ್, ಯಾವ ಬೇಸ್‌ಗೆ ಯಾವ ವಿಳಾಸ ಅನ್ನುವ ಪಟ್ಟಿ, ಸೆಟ್ಟಿಂಗ್ ಬ್ಯಾಕಪ್ ಫೈಲ್ ಇಷ್ಟನ್ನೂ ಪೆನ್‌ಡ್ರೈವ್‌ನಲ್ಲಿ ಇಸಿದುಕೊಂಡು ಆಮೇಲೆ ಚೆಕ್ ಬರೆಯಿರಿ.